ಲೂಪ್ ಬರೆಯೋಕೆ ಮುಂಚೆ ಬ್ರಾಕೆಟ್ ನೋಡಿ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರು ಹುಡುಗೀರು ನನ್ನ ಹತ್ರ ಪದೇ ಪದೇ ತರೋ ಜಾವಾಸ್ಕ್ರಿಪ್ಟ್ ಎರರ್ ಒಂದೇ, "ಫಾರ್‌ಈಚ್ ಈಸ್ ನಾಟ್ ಎ ಫಂಕ್ಷನ್". ಫಾರ್‌ಈಚ್ ಅಂದ್ರೆ ಲಿಸ್ಟಲ್ಲಿರೋ ಒಂದೊಂದನ್ನೂ ಸರದಿಯಲ್ಲಿ ತಗೊಂಡು ಕೆಲಸ ಮಾಡೋ ಲೂಪ್. ನಿನ್ನೆ ರಾತ್ರಿವರೆಗೂ ಸರಿಯಾಗೇ ಇತ್ತು ಸಾರ್, ನಾನು ಕೋಡ್ ಮುಟ್ಟೇ ಇಲ್ಲ ಅಂತಾರೆ. ಅವರು ಹೇಳೋದು ನಿಜಾನೇ ಇರುತ್ತೆ.

ಬ್ರೌಸರಲ್ಲಿ ನೆಟ್‌ವರ್ಕ್ ಟ್ಯಾಬ್ ತೆಗೆದು ಬಂದಿರೋ ಜೇಸನ್ (ಸರ್ವರ್ ಡೇಟಾ ಕಳಿಸೋ ಟೆಕ್ಸ್ಟ್ ರೂಪ) ನೋಡಿದ್ರೆ ಗೊತ್ತಾಗುತ್ತೆ, ನಿನ್ನೆ ಸ್ಕ್ವೇರ್ ಬ್ರಾಕೆಟಲ್ಲಿ ಬರ್ತಿದ್ದ ಲಿಸ್ಟು ಇವತ್ತು ಕರ್ಲಿ ಬ್ರಾಕೆಟಲ್ಲಿ ಬಂದಿದೆ, ಅಂದ್ರೆ ಅರೇ (0ಯಿಂದ ಸಾಲಾಗಿ ನಂಬರ್ ಇರೋ ಲಿಸ್ಟ್) ಹೋಗಿ ಆಬ್ಜೆಕ್ಟ್ (ಪ್ರತಿ ವ್ಯಾಲ್ಯೂಗೂ ಕೀ ಅನ್ನೋ ಹೆಸರಿರೋದು) ಆಗಿದೆ, ಆಬ್ಜೆಕ್ಟಿಗೆ ಫಾರ್‌ಈಚ್ ಇಲ್ಲ. ಪಿಎಚ್‌ಪಿ ಸರ್ವರ್ ಇರೋ ಕಡೆ ಇದು ತುಂಬಾ ಕಾಮನ್. ಐದು ಐಟಂ ಇರೋ ಲಿಸ್ಟಲ್ಲಿ ಸ್ಟಾಕ್ ಇಲ್ಲದ್ದನ್ನ ಅರೇ_ಫಿಲ್ಟರ್ ಹಾಕಿ ತೆಗೆದ್ರೆ ಮಿಕ್ಕಿದ್ದರ ನಂಬರ್ ಹಾಗೇ ಉಳ್ಕೊಳುತ್ತೆ: 0, 1, 3, 4. ನಡುವೆ 2 ಇಲ್ವಲ್ಲ, ಅದಕ್ಕೆ ಜೇಸನ್ ಮಾಡಿಕೊಡೋ ಜೇಸನ್_ಎನ್‌ಕೋಡ್ ಅದನ್ನ ಆಬ್ಜೆಕ್ಟ್ ಮಾಡಿ ಕಳಿಸುತ್ತೆ. ಕೊನೇ ಐಟಂ ಖಾಲಿಯಾದ ದಿನ ಏನೂ ಆಗಲ್ಲ, ಮಧ್ಯದ್ದು ಖಾಲಿಯಾದ ದಿನ ಪೇಜ್ ಕೆಟ್ಟು ಕೂರುತ್ತೆ, ಹಾಗಾಗಿ ಟೆಸ್ಟಿಂಗಲ್ಲಿ ಎಷ್ಟೋ ಸಲ ಸಿಗೋದೇ ಇಲ್ಲ. ಕಳಿಸೋ ಮುಂಚೆ ಅರೇ_ವ್ಯಾಲ್ಯೂಸ್ ಹಾಕಿ ನಂಬರನ್ನ 0ಯಿಂದ ಮತ್ತೆ ಜೋಡಿಸಿದ್ರೆ ಮುಗೀತು.

ನಿಜವಾಗ್ಲೂ ಆಬ್ಜೆಕ್ಟೇ ಬರೋ ಕಡೆ ನಾನು ಆಬ್ಜೆಕ್ಟ್.ಎಂಟ್ರೀಸ್ ಮೇಲೆ ಫಾರ್-ಆಫ್ ಲೂಪ್ ಓಡಿಸ್ತೀನಿ, ಈ ಎಂಟ್ರೀಸ್ 2017ರ ಜಾವಾಸ್ಕ್ರಿಪ್ಟ್ ಸ್ಟ್ಯಾಂಡರ್ಡಲ್ಲಿ ಬಂದಿದ್ದು, ಕೀ ವ್ಯಾಲ್ಯೂ ಎರಡೂ ಒಟ್ಟಿಗೆ ಸಿಗುತ್ತೆ. ಫಾರ್-ಇನ್ ಲೂಪ್ ಬೇಡ ಅಂತೀನಿ, ಅದು ಪ್ರೋಟೋಟೈಪಿಗೆ (ಆಬ್ಜೆಕ್ಟ್ ಗುಣಗಳನ್ನ ಎರವಲು ಪಡೆಯೋ ಮೂಲ ಆಬ್ಜೆಕ್ಟ್) ಯಾರಾದ್ರೂ ಸೇರಿಸಿರೋ ಕೀಗಳನ್ನೂ ಎತ್ಕೊಂಡು ಬರುತ್ತೆ, ಅರೇ ಮೇಲೆ ಹಾಕಿದ್ರಂತೂ ಇಂಡೆಕ್ಸ್ ಸ್ಟ್ರಿಂಗ್ ಆಗಿ ಬಂದು 0ಗೆ 1 ಕೂಡಿಸಿದ್ರೆ "01" ಆಗುತ್ತೆ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಕೀಗಳ ಆರ್ಡರ್. ಒಂದು ಅಂಗಡಿ ಸೈಟಿಗೆ ಸರ್ವರಿಂದ ಐಟಂಗಳು ಕಮ್ಮಿ ರೇಟಿಂದ ಜಾಸ್ತಿ ರೇಟಿಗೆ ಜೋಡಿಸಿ ಬರ್ತಿತ್ತು, ಕೀ ಜಾಗದಲ್ಲಿ ಐಟಂ ಐಡಿ, 305, 12, 87 ಅಂತ. ಪೇಜಲ್ಲಿ ನೋಡಿದ್ರೆ 12, 87, 305. ಎಸ್‌ಕ್ಯೂಎಲ್ ಕ್ವೆರಿನ (ಡೇಟಾಬೇಸಿಂದ ಐಟಂ ತರೋದು) ಹತ್ತು ಸಲ ಚೆಕ್ ಮಾಡ್ದೆ, ಅದರಲ್ಲಿ ಏನೂ ತಪ್ಪಿರಲಿಲ್ಲ. ಜಾವಾಸ್ಕ್ರಿಪ್ಟಲ್ಲಿ ಕೀ ಪೂರ್ಣಾಂಕದ ಥರ ಇದ್ರೆ ಅವು ಮೊದಲು ಬರುತ್ತೆ, ಅದೂ ಚಿಕ್ಕದರಿಂದ ದೊಡ್ಡದಕ್ಕೆ, ಅಕ್ಷರದ ಕೀಗಳು ಮಾತ್ರ ನಾವು ಸೇರಿಸಿದ ಆರ್ಡರಲ್ಲಿ. ಆಮೇಲೆ ಸೇರಿಸಿದ ಆರ್ಡರನ್ನೇ ಉಳಿಸ್ಕೊಳ್ಳೋ ಮ್ಯಾಪಿಗೆ ತುಂಬ್ಕೊಂಡ್ರೂ ಪ್ರಯೋಜನ ಇಲ್ಲ, ಜೇಸನ್.ಪಾರ್ಸ್ ಆ ಟೆಕ್ಸ್ಟನ್ನ ಆಬ್ಜೆಕ್ಟ್ ಮಾಡೋ ಹೊತ್ತಿಗೇ ಆರ್ಡರ್ ಹೋಗಿರುತ್ತೆ. ಅವತ್ತಿಂದ ಆರ್ಡರ್ ಮುಖ್ಯ ಇರೋ ಕಡೆ ಐಡಿನ ಕೀ ಮಾಡಲ್ಲ, ಒಳಗೆ ಒಂದು ಫೀಲ್ಡಾಗಿ ಇಟ್ಟು ಅರೇನೇ ಕಳಿಸ್ತೀನಿ.