ಸೀರೆ ಬಣ್ಣ ಬಿಟ್ಟಿಲ್ಲ, ಅಮ್ಮಾ

ಮದುವೆ ಆಲ್ಬಮ್‌ಗೆ ಫೋಟೊ ಆರಿಸುತ್ತಿದ್ದೆವು. ಹುಡುಗಿಯ ಸೋದರತ್ತೆ ಉಟ್ಟಿದ್ದದ್ದು ಸಣ್ಣ ಚೌಕಳಿಯ ರೇಷ್ಮೆ ಸೀರೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಸೀರೆ ತುಂಬ ಹಸಿರು, ನೇರಳೆ ಅಲೆಗಳು. ‘ಒಂದೇ ಸಲ ಉಟ್ಟಿದ್ದು, ಬಣ್ಣ ಬಿಟ್ಟಿದೆಯೇನಪ್ಪಾ?’ ಅಂದರು.

ಪಾಪ, ಸೀರೆಯದೇನೂ ತಪ್ಪಿಲ್ಲ. ಇದಕ್ಕೆ ಮ್ವಾರೆ ಅನ್ನುತ್ತಾರೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದು ನೋಡಿ. ಎರಡರಲ್ಲೂ ಇಲ್ಲದ ಅಲೆ ಕಾಣುತ್ತದೆ. ಇಲ್ಲಿ ನೇಯ್ಗೆ ಒಂದು ಜಾಲರಿ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್ ಚುಕ್ಕಿಗಳ ಸಾಲು ಇನ್ನೊಂದು. ಆದರೆ ಬಣ್ಣ ಎಲ್ಲಿಂದ ಬಂತು? ಸೆನ್ಸರಿನ ಒಂದೊಂದು ಪಿಕ್ಸೆಲ್ ಹಿಡಿಯುವುದು ಒಂದೇ ಬಣ್ಣ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ಈ ಜೋಡಣೆಯೇ ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿದೆ. ಉಳಿದೆರಡು ಬಣ್ಣವನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಊಹಿಸಬೇಕು. ಎಳೆ ತೀರಾ ಸಣ್ಣದಾದರೆ ಆ ಊಹೆ ಎಡವುತ್ತದೆ.

ಇದನ್ನು ತಡೆಯಲು ಸೆನ್ಸರಿನ ಮುಂದೆ ಲೋ-ಪಾಸ್ ಫಿಲ್ಟರ್ ಕೂರಿಸುತ್ತಿದ್ದರು. ಒಂದು ಬೆಳಕಿನ ಚುಕ್ಕಿಯನ್ನು ಅದು ಪಕ್ಕದ ಪಿಕ್ಸೆಲ್‌ಗಳಿಗೂ ಹಂಚುತ್ತದೆ. ಅಂದರೆ ಬೇಕಂತಲೇ ಚಿತ್ರವನ್ನು ಒಂಚೂರು ಮಬ್ಬು ಮಾಡುವುದು! ದುಬಾರಿ ಲೆನ್ಸ್ ಕೊಂಡವರಿಗೆ ಹೊಟ್ಟೆ ಉರಿಯುತ್ತೆ, ಅಲ್ವಾ? 2012ರಲ್ಲಿ ನಿಕಾನ್ ಒಂದೇ ಕ್ಯಾಮೆರಾವನ್ನು ಎರಡು ಬಗೆಯಲ್ಲಿ ಮಾರಿತು. ಡಿ800ರಲ್ಲಿ ಈ ಫಿಲ್ಟರ್ ಇತ್ತು. ಡಿ800ಇಯಲ್ಲಿ ಅದರ ಪರಿಣಾಮವನ್ನು ಅಳಿಸಿಹಾಕಿದ್ದರು. ಎರಡೂ 36 ಮೆಗಾಪಿಕ್ಸೆಲ್. ಮಬ್ಬು ಬೇಡ ಅಂದವರು ಜಾಸ್ತಿ ದುಡ್ಡು ಕೊಡಬೇಕಿತ್ತು. 2014ರ ಡಿ810ರಲ್ಲಿ ಫಿಲ್ಟರೇ ಇಲ್ಲ.

ಹಕ್ಕಿ, ಬೆಟ್ಟ ತೆಗೆಯುವವರಿಗೆ ಇದು ಹಬ್ಬ. ಪುಕ್ಕದ ಒಂದೊಂದು ಎಳೆಯೂ ಶಾರ್ಪ್. ಮದುವೆಮನೆ ಕಥೆಯೇ ಬೇರೆ. ಅಲ್ಲಿ ಮೆಗಾಪಿಕ್ಸೆಲ್ ಎಷ್ಟು ಅಂತ ಸುಮ್ನೆ ಲೆಕ್ಕ ಹಾಕುವ ಬದಲು ಫಿಲ್ಟರ್ ಇದೆಯೇ ಕೇಳಿ ಅನ್ನುತ್ತೇನೆ.

ಅಲೆ ಕಂಡರೆ ಮೊದಲು ಫೋಟೊವನ್ನು 100% ಅಳತೆಯಲ್ಲಿ ನೋಡಿ. ಎಷ್ಟೋ ಸಲ ಅದು ಚಿತ್ರ ಚಿಕ್ಕದಾಗಿ ಕಂಡಾಗ ಮಾತ್ರ ಹುಟ್ಟುವ ಅಲೆ. ನಿಜವಾಗಿಯೂ ಇದ್ದರೆ ಎರಡು ಹೆಜ್ಜೆ ಹತ್ತಿರ ಹೋಗಿ, ಇಲ್ಲವೇ ಕೋನ ಬದಲಿಸಿ. ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡಿದರೂ ಅಲೆ ಕಡಿಮೆಯಾಗುತ್ತದೆ, ಆದರೆ ಮುಖವೂ ಮಬ್ಬಾಗುತ್ತದೆ.

ಆ ಸೀರೆಯ ಹಸಿರು, ನೇರಳೆಯನ್ನು ಸಾಫ್ಟ್‌ವೇರಿನಲ್ಲಿ ಒರೆಸಿದೆ. ಬಣ್ಣ ಹೋಯಿತು, ಅಲೆ ಹೋಗಲಿಲ್ಲ. ಕೊನೆಗೆ ಊಟದ ಪಂಕ್ತಿಯಲ್ಲಿ ಹತ್ತಿರದಿಂದ ತೆಗೆದ ಇನ್ನೊಂದು ಫೋಟೊ ಹಾಕಿದೆವು. ಅದರಲ್ಲಿ ಚೌಕಳಿ ಚೊಕ್ಕವಾಗಿ ಬಂದಿತ್ತು. ಅತ್ತೆಯವರ ಬಾಯಲ್ಲಿ ಮಾತ್ರ ಹೋಳಿಗೆ ಇತ್ತು.