ಬೇಜಾರು ಅಂದ್ರೂ ಖಿನ್ನತೆ ಅಂದ್ರೂ ಒಂದೇನಾ?

ಪ್ರಶ್ನೆ: ಅಮ್ಮ ಯಾವಾಗಲೂ ‘ಬೇಜಾರು’ ಅಂತಾರೆ. ಡಾಕ್ಟರು ‘ಖಿನ್ನತೆ’ ಅಂದರು. ಎರಡೂ ಒಂದೇ ಅಲ್ವಾ?

ಉತ್ತರ: ಒಂದೇ ಅಲ್ಲ. ಆದರೆ ಗೊಂದಲ ಆಗೋದು ಸಹಜ, ಯಾಕಂದರೆ ‘ಬೇಜಾರು’ ವಿಪರೀತ ದುಡಿಯುವ ಪದ. ಮಧ್ಯಾಹ್ನ ಕರೆಂಟ್ ಹೋದರೆ ಬೇಜಾರು. ತಂಗಿ ಫೋನ್ ಎತ್ತದಿದ್ದರೆ ಬೇಜಾರು. ಸಾವಿನ ಸುದ್ದಿ ಕೇಳಿದರೂ ಬೇಜಾರು. ಸಾಲ ಕೇಳಿ ಬಂದವರಿಗೆ ಇಲ್ಲ ಅನ್ನುವಾಗ ‘ಬೇಜಾರು ಮಾಡ್ಕೋಬೇಡಿ’. ಫಾರ್ಸಿಯಿಂದ ಬಂದ ಈ ಪದ ‘ಬೇಸರ’ದ ಪಕ್ಕದಲ್ಲೇ ಜಾಗ ಹಿಡಿದು ಕೂತಿದೆ.

‘ಖಿನ್ನ’ ಸಂಸ್ಕೃತದ್ದು. ಹಳೆಯ ಕಥೆಗಳಲ್ಲಿ ರಾಜ ಖಿನ್ನನಾದ ಅಂದರೆ ಅವನ ಮುಖ ಬಾಡಿತು ಅಂತ ಅಷ್ಟೇ. ಅದು ಕಾಯಿಲೆಯ ಹೆಸರಾಗಿದ್ದು ಈಚೆಗೆ. ಡಾಕ್ಟರು ಹಾಗೆ ಸುಮ್ನೆ ಅನ್ನೋದಿಲ್ಲ. ಕನಿಷ್ಠ 2 ವಾರ, ಹೆಚ್ಚುಕಡಿಮೆ ದಿನವಿಡೀ, ಮನಸ್ಸು ಕುಗ್ಗಿರಬೇಕು ಅಥವಾ ಮೊದಲು ಇಷ್ಟವಾಗಿದ್ದು ಈಗ ಬೇಡವಾಗಿರಬೇಕು. ಜೊತೆಗೆ ನಿದ್ದೆ, ಹಸಿವು ಏರುಪೇರಾಗಿದೆಯಾ, ಸುಸ್ತಿದೆಯಾ, ಸಾವಿನ ಯೋಚನೆ ಬರುತ್ತಾ ಅಂತಲೂ ಕೇಳುತ್ತಾರೆ.

ಆದರೆ ‘ನನಗೆ ಖಿನ್ನತೆ ಇದೆ’ ಅಂತ ಯಾವ ಅಮ್ಮನೂ ಹೇಳೋದಿಲ್ಲ. ‘ಯಾಕೋ ಏನೂ ಬೇಡ ಅನ್ಸುತ್ತೆ’, ‘ಮೈಯೆಲ್ಲ ಭಾರ’, ‘ಊಟ ಸೇರ್ತಿಲ್ಲ’ ಅನ್ನುತ್ತಾರೆ. ಡಾಕ್ಟರ ಮುಂದೆ ನೀವು ಹೇಳಬೇಕಾದ್ದೂ ಈ ಮಾತುಗಳನ್ನೇ. ‘ಅಮ್ಮಂಗೆ ಡಿಪ್ರೆಶನ್’ ಅಂತ ತೀರ್ಪು ಕೊಡೋದಕ್ಕಿಂತ, ದಿನಾ ನೋಡುತ್ತಿದ್ದ ಧಾರಾವಾಹಿ ಬಿಟ್ಟಿದ್ದಾರೆ, ಬೆಳಗಿನ ಜಾವ 3ಕ್ಕೇ ಎದ್ದು ಕೂರುತ್ತಾರೆ ಅಂದರೆ ಅವರಿಗೆ ಜಾಸ್ತಿ ತಿಳಿಯುತ್ತದೆ. ಸಾವಿನ ಮಾತು ಬಂದರೆ ಕಾಯಬೇಡಿ, ಆವತ್ತೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

‘ಆತಂಕ’ದ ಕಥೆ ಇನ್ನೂ ಮಜವಾಗಿದೆ. ಹಳೆಯ ಕ್ರಯಪತ್ರ ಇದ್ದರೆ ತೆಗೆದು ನೋಡಿ. ‘ಯಾವ ಅಡ್ಡಿ ಆತಂಕವೂ ಇಲ್ಲದೆ’ ಜಮೀನು ಅನುಭವಿಸಿಕೊಂಡು ಬರತಕ್ಕದ್ದು ಅಂತಿರುತ್ತದೆ. ಅಲ್ಲಿ ಆತಂಕ ಅಂದರೆ ತಡೆ, ತಕರಾರು. ಈಗ ಅದೇ ಪದ ಎದೆಯ ಡವಡವಕ್ಕೆ ಹೆಸರು. ನನ್ನನ್ನು ಕೇಳಿದರೆ ಮಾತಿಗೆ ‘ಕಳವಳ’, ‘ತಳಮಳ’ ಇನ್ನೂ ಚೆನ್ನ, ಕಿವಿಗೇ ಅರ್ಥವಾಗುತ್ತವೆ.

‘ಗೀಳು’ ಮಾತ್ರ ಮನೆಯ ಪದವಾಗಿದ್ದುಕೊಂಡೇ ಆಸ್ಪತ್ರೆಗೂ ಹೋಯಿತು. ಕ್ರಿಕೆಟ್ ಗೀಳು ಇದ್ದವನಿಗೆ ಅದರಲ್ಲಿ ಖುಷಿ ಇದೆ. ಗೀಳು ಕಾಯಿಲೆಯವರಿಗೆ ಖುಷಿ ಇಲ್ಲ. ಕೈ ಶುಚಿಯಾಗಿದೆ ಅಂತ ಗೊತ್ತಿದ್ದೂ ಮತ್ತೆ ನಲ್ಲಿ ತಿರುಗಿಸುತ್ತಾರೆ.

ನನಗೆ ಭಯ ಹುಟ್ಟಿಸೋದು ‘ಅರವತ್ತಕ್ಕೆ ಅರಳು ಮರಳು’. ಗಾದೆ ಚೆನ್ನಾಗಿದೆ, ಆದರೆ ಅಜ್ಜ ಮನೆಯ ದಾರಿ ತಪ್ಪಿದಾಗಲೂ ಅದನ್ನೇ ಹೇಳಿ ನಕ್ಕುಬಿಡುತ್ತೇವೆ. ಅದು ಮರೆವಿನ ಕಾಯಿಲೆ ಇರಬಹುದು. ಥೈರಾಯ್ಡ್ ತೊಂದರೆ ಅಥವಾ ವಿಟಮಿನ್ ಬಿ12 ಕೊರತೆಯಿಂದಲೂ ಹಾಗಾಗಬಹುದು, ಅವಕ್ಕೆ ಮಾತ್ರೆ ಇದೆ. ಇನ್ನು ನಿಮ್ಮ ಪ್ರಶ್ನೆಗೇ ತಿರುಗಿದರೆ, ವಯಸ್ಸಾದವರಲ್ಲಿ ಖಿನ್ನತೆಯೂ ಎಷ್ಟೋ ಸಲ ಮರೆವಿನ ಹಾಗೇ ಕಾಣುತ್ತದೆ.