ತಡೆಗೋಡೆಯ ತೂತು ಮುಚ್ಚಬೇಡಿ

ನಮ್ಮ ನಿರ್ಮಾಣ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ ಎಂದು ಕಚೇರಿಯ ಕಿರಿಯರು ಸ್ಮರಣ ಸಂಚಿಕೆ ತರಲು ಹೊರಟಿದ್ದಾರೆ. ವರ್ಷಕ್ಕೊಂದು ಪುಟ. ಎಡಗಡೆ ಆ ವರ್ಷದ ನಾಡಿನ, ದೇಶದ ಸುದ್ದಿ. ಬಲಗಡೆ ನಾವು ಕಟ್ಟಿದ ಮನೆ, ಗೋಡೆ, ಮೋರಿಗಳು. ಹೋದ ವಾರ 2018ರ ಪುಟದ ಕರಡು ನನ್ನ ಮೇಜಿಗೆ ಬಂತು. ಆಗಸ್ಟ್ ತಿಂಗಳ ಎದುರು 'ಭಾರಿ ಮಳೆಗೆ ಮಡಿಕೇರಿ ಬಳಿಯ ತಡೆಗೋಡೆ ಕುಸಿತ' ಎಂದು ಬರೆದಿದ್ದರು. ಆ ಸಾಲನ್ನು ಹೊಡೆದುಹಾಕಿ, ಹಳೆಯ ಸೈಟ್ ಡೈರಿಯನ್ನು ತರಿಸಿಕೊಂಡೆ.

ಕೊಡಗಿನಲ್ಲಿ ಮನೆ ಕಟ್ಟಿಸುವವರು ನನ್ನೆದುರು ಕುಳಿತು ಹೇಳುವ ಮಾತೂ ಇದೇ: ಮಳೆ ಬಂತು, ಗೋಡೆ ಬಿತ್ತು, ಈ ಸಲ ಇನ್ನೂ ದಪ್ಪ ಗೋಡೆ ಕಟ್ಟಿಕೊಡಿ. ವರ್ಷಕ್ಕೆ ಹತ್ತಾರು ಬಾರಿ ಕೇಳುತ್ತೇನೆ. ಪ್ರತಿ ಬಾರಿಯೂ ಮೊದಲಿನಿಂದ ವಿವರಿಸುತ್ತೇನೆ.

ಡೈರಿಯಲ್ಲಿ ಇರುವುದು ಹೀಗೆ. ಫೆಬ್ರುವರಿ 16, ಶುಕ್ರವಾರ. ಅಂದು ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟು, ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ನೀರು ಹೆಚ್ಚಿಸಿತು. ಸೈಟಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ. ನಮ್ಮ ಸೂಪರ್‌ವೈಸರ್ ಬರೆದದ್ದು ಮೂರೇ ಸಾಲು (ಬರೆ ಎಂದರೆ ಗುಡ್ಡದ ಮಣ್ಣಿನ ಇಳಿಜಾರು): 'ಹಿಟಾಚಿ ಏಳು ಗಂಟೆ. ಬರೆ ಹನ್ನೆರಡು ಅಡಿ ನೇರ ಕತ್ತರಿಸಿದೆ. ಎಡ ಮೂಲೆಯಲ್ಲಿ ತೇವ.'

ಆ ಕೊನೆಯ ಎರಡು ಪದಗಳನ್ನು ನೋಡಿ. ಕೊಡಗಿನ ಫೆಬ್ರುವರಿ ಎಂದರೆ ತೋಟದವರು ಕಾಫಿ ಅರಳಿಸುವ ಹೂಮಳೆಗಾಗಿ ಆಕಾಶ ನೋಡುವ ಕಾಲ. ಅಂಥ ಒಣ ದಿನದಲ್ಲಿ, ಆಗತಾನೇ ಕತ್ತರಿಸಿದ ಕೆಂಪು ಮಣ್ಣಿನ ಮುಖದಲ್ಲಿ ಹಸಿ ಕಾಣಿಸಿಕೊಂಡರೆ ಅಲ್ಲೊಂದು ಒರತೆ ಇದೆ ಎಂದೇ ಅರ್ಥ. ಬೆಟ್ಟದೊಳಗಿನ ನೀರು ಎಷ್ಟೋ ಕಾಲದಿಂದ ನಡೆದುಬಂದ ದಾರಿಯನ್ನು ನಾವು ಅಡ್ಡಕ್ಕೆ ಕತ್ತರಿಸಿದ್ದೆವು. ಆ ದಿನವೇ ಕೆಲಸ ನಿಲ್ಲಿಸಿ, ಬರೆಯನ್ನು ಎರಡು ಮೆಟ್ಟಿಲಾಗಿ ಇಳಿಸಬೇಕಿತ್ತು. ಹಿಂದುಗಡೆ ಎರಡು ಕಾರು ನಿಲ್ಲಿಸಲು ಜಾಗ ಬೇಕು ಎಂದು ಮನೆಯ ಯಜಮಾನರು ಕೇಳಿದರು, ನಾವು ಒಪ್ಪಿದೆವು. ಆ ತಪ್ಪು ನಮ್ಮದು; ಸಂಚಿಕೆಯಲ್ಲೂ ಹಾಗೆಯೇ ಅಚ್ಚಾಗುತ್ತದೆ.

ಯಜಮಾನರು ನಿವೃತ್ತ ಸುಬೇದಾರರು. ಮಾತು ಕಡಿಮೆ, ಮನಸ್ಸು ದೊಡ್ಡದು. ಮನೆ ಮುಗಿಸಿ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಬೇಕೆಂಬುದು ಅವರ ಆಸೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಸೈಜುಗಲ್ಲಿನ ಗೋಡೆ ಎದ್ದಿತು. ಏಪ್ರಿಲ್ 1ರಿಂದ ಸರಕು ಸಾಗಣೆಗೆ ಇ-ವೇ ಬಿಲ್ ಬಂದದ್ದರಿಂದ ಸಿಮೆಂಟ್ ಲಾರಿಗಳು ಕೆಲವು ದಿನ ತಡವಾದವು. ನಾಪೋಕ್ಲುವಿನಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನಡೆಯುತ್ತಿದ್ದಾಗ ಸುಬೇದಾರರು ಸೈಟಿನ ಕಡೆ ತಲೆಹಾಕಲಿಲ್ಲ. ಮೇ 12ರಂದು ವಿಧಾನಸಭೆಗೆ ಮತದಾನ. ಅದರ ಮರುವಾರ, ಬೆಂಗಳೂರಿನಲ್ಲಿ ಸರ್ಕಾರ ಯಾರದ್ದೆಂದು ಇಡೀ ರಾಜ್ಯ ಟಿವಿ ಮುಂದೆ ಕುಳಿತಿದ್ದಾಗ, ಗೋಡೆಗೆ ಬಿಳಿ ಬಣ್ಣ ಬಿತ್ತು. ಬಣ್ಣದವರು ಗೋಡೆಯ ಹಿಂದಿನ ನೀರು ಹೊರಬರಲೆಂದು ನಾವು ಬಿಟ್ಟಿದ್ದ ಹದಿನಾಲ್ಕು ಪೈಪುಗಳ ಬಾಯಿಗೂ ಸಿಮೆಂಟ್ ಮೆತ್ತಿ ಬಣ್ಣ ಬಳಿದರು. ಹಾಗೆ ಮಾಡಿ ಎಂದು ಹೇಳಿದ್ದು ಯಜಮಾನರೇ. ಕಾರಣ ಎರಡು: ತೂತಿನಿಂದ ಕೆಂಪು ನೀರು ಇಳಿದು ಗೋಡೆ ಕಲೆಯಾಗುತ್ತದೆ; ಒಳಗೆ ಹಾವು ಸೇರಿಕೊಳ್ಳುತ್ತದೆ.

ನಾನು ಬರೆಯಲು ಕುಳಿತದ್ದೇ ಈ ತೂತುಗಳಿಗಾಗಿ. ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ.

ತಡೆಗೋಡೆ ತಡೆಯಬೇಕಾದದ್ದು ಮಣ್ಣನ್ನು, ನೀರನ್ನಲ್ಲ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ತನ್ನ ಭಾರದ ಬಹುಪಾಲನ್ನು ಮಣ್ಣು ತಾನೇ ಹೊರುತ್ತದೆ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ಸಾಧಾರಣ ಒಣಮಣ್ಣು ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು ಎರಡೂವರೆಯಿಂದ ಮೂರು ಟನ್ ತಳ್ಳುವಿಕೆ ಬೀಳುತ್ತದೆ. ನೀರಿಗೆ ಹಾಗೆ ಹಿಡಿತವಿಲ್ಲ. ಅದೇ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತಿತೆನ್ನಿ: ನೀರೊಂದೇ ನಾಲ್ಕೂವರೆ ಟನ್ ತಳ್ಳುತ್ತದೆ. ನೆನೆದ ಮಣ್ಣಿನ ಪಾಲನ್ನೂ ಕೂಡಿಸಿದರೆ ಒಟ್ಟು ತಳ್ಳುವಿಕೆ ಎರಡು ಪಟ್ಟು ದಾಟುತ್ತದೆ. ಗೋಡೆಯ ಎತ್ತರ ಇಮ್ಮಡಿಯಾದರೆ ನೀರಿನ ತಳ್ಳುವಿಕೆ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಆರು ಮೀಟರಿಗೆ ಹದಿನೆಂಟು ಟನ್. ಆದ್ದರಿಂದಲೇ 'ಇನ್ನೂ ದಪ್ಪ ಗೋಡೆ' ಎಂಬ ಮಾತಿಗೆ ನಾನು ಸಿಡಿಮಿಡಿಗೊಳ್ಳುವುದು. ಗೋಡೆ ದಪ್ಪ ಮಾಡಲು ಲಕ್ಷಗಟ್ಟಲೆ ಖರ್ಚಾಗುತ್ತದೆ. ನೀರನ್ನು ಹೊರಗೆ ಬಿಡಲು ನಾಲ್ಕಿಂಚಿನ ಪೈಪು ತುಂಡುಗಳು, ಅವುಗಳ ಹಿಂದೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ, ಬರೆಯ ನೆತ್ತಿಯಲ್ಲಿ ಮಳೆನೀರನ್ನು ಬದಿಗೆ ಒಯ್ಯುವ ಕಾಲುವೆ ಸಾಕು. ಪೈಪಿನ ಬಾಯಿಗೆ ಜಾಲರಿ ಕಟ್ಟಿದರೆ ಹಾವಿನ ಚಿಂತೆಯೂ ಇಲ್ಲ. ಕಲೆಯಾಗುತ್ತದೆಯೇ? ಆಗಲಿ. ಆ ಕಲೆ ಗೋಡೆ ಕೆಲಸ ಮಾಡುತ್ತಿದೆ ಎನ್ನುವ ಗುರುತು.

ಆ ವರ್ಷ ಜುಲೈ 9ರಂದು ಜಿಲ್ಲೆಯ ಕೆಲವೆಡೆ ಭೂಮಿ ಕಂಪಿಸಿತು, 3.4ರಷ್ಟು. ಗೋಡೆ ಬಿದ್ದ ಮೇಲೆ ಅನೇಕರು ಅದರತ್ತ ಬೆರಳು ತೋರಿಸಿದರು. ನಮ್ಮ ಗೋಡೆಯ ಮಟ್ಟಿಗೆ ಅದನ್ನು ಒಪ್ಪಲಾರೆ.

ಆಗಸ್ಟ್ 16. ಸಂಜೆ ವಾಜಪೇಯಿಯವರು ತೀರಿಕೊಂಡ ಸುದ್ದಿ ಬಂತು. ಅತ್ತ ಕೇರಳ ಮುಳುಗುತ್ತಿತ್ತು. ಇತ್ತ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆಗಳ ಕಡೆ ಬೆಟ್ಟಗಳೇ ಜಾರುತ್ತಿದ್ದವು. ಸುಬೇದಾರರ ಮನೆಯಲ್ಲಿ ಕರೆಂಟ್ ಹೋಗಿತ್ತು. ಅವರು ಟಾರ್ಚ್ ಹಿಡಿದು ಹಿಂದುಗಡೆ ಹೋದಾಗ ಬಿಳಿ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತಂತೆ. ಸೈನ್ಯದಲ್ಲಿದ್ದ ಮನುಷ್ಯ, ಯೋಚಿಸುತ್ತ ನಿಲ್ಲಲಿಲ್ಲ. ಹೆಂಡತಿ, ಸೊಸೆ, ಮೊಮ್ಮಗುವನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲೇ ನೆಂಟರ ಮನೆಗೆ ನಡೆದರು. ಬೆಳಗಿನ ಜಾವ ಗೋಡೆ ಮಲಗಿತು, ಅಡುಗೆಮನೆಯನ್ನೂ ತುಂಬಿತು.

ನಾನು ಅಲ್ಲಿಗೆ ತಲುಪಿದ್ದು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ. ನೆಂಟರ ಮನೆಯ ಜಗಲಿಯಲ್ಲಿ ಕುಳಿತಿದ್ದ ಸುಬೇದಾರರು ಮೊದಲು ಗೋಡೆಯ ವಿಷಯ ಎತ್ತಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ರೋಹನ್ ಬೋಪಣ್ಣ ಡಬಲ್ಸ್ ಚಿನ್ನ ಗೆದ್ದದ್ದು, ರಿಲೇಯಲ್ಲಿ ಪೂವಮ್ಮ ಓಡಿ ಚಿನ್ನ ತಂದದ್ದು, ಸೋಮವಾರಪೇಟೆಯ ಸುನಿಲ್ ಇದ್ದ ಹಾಕಿ ತಂಡಕ್ಕೆ ಕಂಚಷ್ಟೇ ದಕ್ಕಿದ್ದು, ಇವನ್ನೆಲ್ಲ ಹೇಳಿದರು. ಮನೆಯ ಹಿಂಭಾಗ ಮಣ್ಣಾಗಿರುವಾಗಲೂ ಕೊಡಗಿನ ಮಕ್ಕಳ ಗೆಲುವನ್ನು ಅಷ್ಟು ಅಕ್ಕರೆಯಿಂದ ಹೇಳುವ ಜನ ನಮ್ಮವರು. ಆ ಹೊತ್ತಿನಲ್ಲಿ ಅವರಿಗೆ ತೂತಿನ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ.

ಸೈಟಿನಲ್ಲಿ ಬಿದ್ದಿದ್ದ ಕಲ್ಲುರಾಶಿಯಲ್ಲಿ ಒಂದು ಪೈಪು ಸಿಕ್ಕಿತು. ಬಾಯಿಯ ಬಿಳಿ ಬಿಲ್ಲೆ ಹಾಗೆಯೇ ಇತ್ತು. ಮೇಸ್ತ್ರಿ ಸುತ್ತಿಗೆಯಿಂದ ಒಂದೇಟು ಹಾಕಿದರು. ಒಳಗೆ ಕಪ್ಪು ಕೆಸರು ಗಟ್ಟಿಯಾಗಿ ತುಂಬಿತ್ತು. ಅದರ ಹಿಂದಿದ್ದ ನೀರು ಅಷ್ಟು ದಿನಗಳ ಮೇಲೂ ಸಣ್ಣಗೆ ಜಿನುಗಿ ಅವರ ಬೆರಳ ಮೇಲೆ ಇಳಿಯಿತು. ಇಬ್ಬರೂ ಮಾತಾಡಲಿಲ್ಲ.

2018ರ ಎಲ್ಲ ಕುಸಿತಗಳಿಗೂ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಆಗಸ್ಟಿನ ಮಳೆ ಅಸಾಧಾರಣವಾದದ್ದು. ಬರೆ ಕಡಿಯದಿದ್ದವರ ಮನೆಗಳೂ ಹೋದವು. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಬಂದು ನೋಡಿದಾಗಲೂ, ಮನೆ ಮತ್ತು ರಸ್ತೆಗಾಗಿ ಇಳಿಜಾರನ್ನು ನೇರ ಕತ್ತರಿಸಿದ್ದು, ನೀರಿನ ಸಹಜ ಹರಿವನ್ನು ತಡೆದದ್ದು ಮುಖ್ಯವಾಗಿ ಎದ್ದು ಕಂಡಿತ್ತು. ಮೇಲೆ ಕೊಟ್ಟ ಅಂಕಿಗಳೂ ಅಂದಾಜಿನವು. ನಿಮ್ಮ ಜಾಗದ ಮಣ್ಣು ಬೇರೆ, ಇಳಿಜಾರು ಬೇರೆ. ಅಂಕಣ ಓದಿ ಗೋಡೆ ಕಟ್ಟಬೇಡಿ, ಮಣ್ಣು ಪರೀಕ್ಷೆ ಮಾಡಿಸಿ, ತಿಳಿದವರಿಂದ ವಿನ್ಯಾಸ ಮಾಡಿಸಿ.

ಗೋಡೆ ಈಗಾಗಲೇ ಇದ್ದರೆ ಮೇ ತಿಂಗಳಲ್ಲಿ ಕಂಬಿ ಹಾಕಿ ಪ್ರತಿ ಪೈಪನ್ನೂ ಬಿಡಿಸಿ. ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗಿ ನೋಡಿ. ತಿಳಿನೀರು ಬರುತ್ತಿದ್ದರೆ ಚೆನ್ನ. ಮಣ್ಣುನೀರು ಬರುತ್ತಲೇ ಇದ್ದರೆ ಹಿಂದಿನ ಮಣ್ಣು ಕರಗಿ ಹೋಗುತ್ತಿದೆ, ಇಂಜಿನಿಯರನ್ನು ಕರೆಸಿ. ಬರುತ್ತಿದ್ದ ನೀರು ಜೋರು ಮಳೆಯ ನಡುವೆ ಥಟ್ಟನೆ ನಿಂತರೆ, ಗೋಡೆ ಹೊಟ್ಟೆ ಬಿಟ್ಟರೆ, ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಯಾರನ್ನೂ ಕೇಳುತ್ತ ನಿಲ್ಲದೆ ಮನೆ ಬಿಟ್ಟು ಹೊರಡಿ.

ಸುಬೇದಾರರ ಗೋಡೆಯನ್ನು ಮುಂದಿನ ಬೇಸಿಗೆಯಲ್ಲಿ ನಮ್ಮ ಖರ್ಚಿನಲ್ಲೇ ಎರಡು ಮೆಟ್ಟಿಲಾಗಿ ಕಟ್ಟಿದೆವು. ಒಂದು ಕಾರಿನ ಜಾಗ ಹೋಯಿತು. ಪೈಪುಗಳಿಗೆ ಅವರೇ ಸಂಖ್ಯೆ ಬರೆದಿದ್ದಾರೆ. ಈ ಸಲದ ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ಒಂದು ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದರು: "ಇಂಜಿನಿಯರೇ, ಹದಿನೇಳು ಪೈಪಿನಲ್ಲಿ ನೀರು ಬರುತ್ತಿದೆ. ಒಂಬತ್ತನೆಯದು ಬರುತ್ತಿಲ್ಲ."

ಹತ್ತು ಗಂಟೆಗೆ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ.